ರೂಟ್ 66ರ ಬದಿಯಲ್ಲಿ ಅಪ್ಪನ ಬೋಣಿ

ಗ್ರ್ಯಾಂಡ್ ಕ್ಯಾನಿಯನ್ ತೋರಿಸಿದಾಗ ಅಪ್ಪ ಹತ್ತು ನಿಮಿಷ ನೋಡಿ "ಚೆನ್ನಾಗಿದೆ, ಹೊರಡೋಣ್ವಾ?" ಅಂದಿದ್ದರು. ಲಾಸ್ ವೇಗಸ್‌ನಲ್ಲಿ ಅವರದು ಒಂದೇ ಪ್ರಶ್ನೆ, ಇದಕ್ಕೆಲ್ಲ ಕರೆಂಟ್ ಬಿಲ್ ಯಾರು ಕಟ್ತಾರೆ ಅಂತ. ಒಂದೂವರೆ ತಿಂಗಳಿಂದ ಅರಿಜೋನಾ ರಾಜ್ಯದ ಫೀನಿಕ್ಸ್‌ನ ನಮ್ಮ ಮನೆಯಲ್ಲಿ ಕೂತು ಅವರಿಗೂ ಬೇಜಾರು. ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ನನಗೂ ತಲೆನೋವು. ಅಕ್ಟೋಬರ್‌ನಲ್ಲಿ ಮಗಳ ಶಾಲೆಗೆ ಒಂದು ವಾರ ರಜೆ ಬಂತು. ಹೆಂಡತಿಗೆ ರಜೆ ಸಿಗಲಿಲ್ಲ. ಅಪ್ಪ, ಅಮ್ಮ, ಮಗಳು, ನಾನು, ನಾಲ್ಕು ಜನ ಮೂರು ದಿನಕ್ಕೆ ಅಂತ ಸೆಲಿಗ್ಮನ್ ಅನ್ನೋ ಪುಟ್ಟ ಊರಿಗೆ ಹೊರಟೆವು.

ಯಾಕೆ ಆ ಊರು ಅಂದರೆ, ಅಪ್ಪನ ಅಂಗಡಿ ವಿಷಯ ಹೇಳಬೇಕಾಗುತ್ತೆ. ಚನ್ನಪಟ್ಟಣದಲ್ಲಿ ಹಳೇ ಬೆಂಗಳೂರು–ಮೈಸೂರು ರಸ್ತೆಯ ಪಕ್ಕದಲ್ಲೇ ಅಪ್ಪನದೊಂದು ಗೊಂಬೆ ಅಂಗಡಿ ಇತ್ತು. ನೀವೂ ನೋಡಿರುತ್ತೀರಿ ಅಂಥ ಅಂಗಡಿಗಳನ್ನ. ಮುಂದೆ ಬಣ್ಣದ ಮರದ ಕುದುರೆಗಳ ಸಾಲು, ಮೇಲೆ ತೂಗುಹಾಕಿದ ಗಿಲಕಿ, ಒಳಗೆ ಬುಗುರಿ, ರೈಲು, ಅಡುಗೆ ಸಾಮಾನಿನ ಸೆಟ್ಟು. ಮೈಸೂರಿಗೆ ಹೋಗೋ ಕಾರಿನಲ್ಲಿ ಒಂದು ಮಗು ಅತ್ತರೆ ನಮಗೆ ವ್ಯಾಪಾರ. ಆಮೇಲೆ ಎಕ್ಸ್‌ಪ್ರೆಸ್‌ವೇ ಬಂತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಒಂದೇ ಬೈಪಾಸ್ ಬದಿಗೆ ತಳ್ಳಿತು. ಕಾರುಗಳು ಊರಾಚೆಯಿಂದಲೇ ಹಾರಿ ಹೋಗತೊಡಗಿದವು. ಯಾರನ್ನೂ ಬೈಯೋಕೆ ಆಗಲ್ಲ, ನಾನೂ ಊರಿಗೆ ಹೋದಾಗ ಏರ್‌ಪೋರ್ಟಿಗೆ ಅದೇ ರಸ್ತೆ ಹಿಡಿಯುತ್ತೇನೆ. ಆದರೆ ಅಪ್ಪ ಮಾತ್ರ ಫೋನಿನಲ್ಲಿ ಮಾತು ಶುರು ಮಾಡುತ್ತಿದ್ದದ್ದೇ "ಇವತ್ತು ಬೋಣಿ ಆಗ್ಲಿಲ್ಲ ಕಣೋ" ಅಂತ. ಒಂದು ದಿನ ಅದನ್ನೂ ಹೇಳೋದು ಬಿಟ್ಟರು. ಅಂಗಡಿಯನ್ನ ಮೊಬೈಲ್ ರಿಪೇರಿಯವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ ಅಂತ ನನಗೆ ಗೊತ್ತಾದದ್ದು ಅಮ್ಮನಿಂದ.

ಸೆಲಿಗ್ಮನ್‌ಗೂ ಇದೇ ಆಗಿತ್ತು, 1978ರಲ್ಲಿ. ರೂಟ್ 66 ಅನ್ನೋ ಹಳೇ ಹೆದ್ದಾರಿ ಬದಿಯ ಊರು ಅದು. ಆ ಊರು ಇನ್ನೂ ಇದೆ. ಅಷ್ಟೇ ಹೇಳಿ ಅಪ್ಪನನ್ನ ಕಾರಿಗೆ ಹತ್ತಿಸಿದೆ.

ಮೊದಲ ದಿನ

ಫೀನಿಕ್ಸ್‌ನಿಂದ ಸೆಲಿಗ್ಮನ್ ಮೂರು ಗಂಟೆ ದಾರಿ. ನಾವು ಪ್ರೆಸ್ಕಾಟ್ ಕಡೆಯಿಂದ ಸುತ್ತಿ ಹೋದೆವು. ಮನೆ ಬಿಟ್ಟಾಗ ಮೂವತ್ತೆರಡು ಡಿಗ್ರಿ ಬಿಸಿಲು, ಎರಡು ಕೈ ಎತ್ತಿ ನಿಂತಂತಿರೋ ಸಗ್ವಾರೋ ಕಳ್ಳಿಗಳು. ಮೇಲೇರುತ್ತಾ ಕಳ್ಳಿ ಕಾಣೆಯಾಗಿ ಕುರುಚಲು ಗಿಡ ಬಂತು, ಆಮೇಲೆ ಒಣಗಿದ ಹಳದಿ ಹುಲ್ಲು. ಅಮ್ಮ ಪ್ರೆಸ್ಕಾಟ್ ದಾಟುವಾಗಲೇ ಶಾಲು ಹೊದ್ದುಕೊಂಡಳು. ಈ ಭಾಗಕ್ಕೆ ಅಕ್ಟೋಬರ್‌ನಲ್ಲಿ ಬರೋರು ಸ್ವೆಟರ್ ಮರೀಬೇಡಿ. ಸೆಲಿಗ್ಮನ್ ಐದು ಸಾವಿರ ಅಡಿಗಿಂತ ಎತ್ತರದಲ್ಲಿದೆ, ಕೆಳಗಿನ ಬಿಸಿಲು ನೋಡಿ ಮೋಸ ಹೋಗುತ್ತೀರಿ.

ಮೊದಲು ನಿಲ್ಲಿಸಿದ್ದು ಆಶ್ ಫೋರ್ಕ್‌ನಲ್ಲಿ. ರಸ್ತೆ ಪಕ್ಕ ಎಲ್ಲಿ ನೋಡಿದರೂ ಚಪ್ಪಟೆ ಕಲ್ಲುಗಳನ್ನ ಪೇರಿಸಿಟ್ಟಿದ್ದಾರೆ. ತಮ್ಮೂರು ನೆಲಹಾಸು ಕಲ್ಲಿನ ರಾಜಧಾನಿ ಅಂತ ಹೇಳಿಕೊಳ್ಳೋ ಊರು ಇದು. ಅಮ್ಮ ಒಂದು ಕಲ್ಲನ್ನ ಬೆರಳಿಂದ ತಟ್ಟಿ ನೋಡಿ "ನಮ್ಮ ಶಹಾಬಾದ್ ಕಲ್ಲೇ ವಾಸಿ" ಅಂತ ತೀರ್ಪು ಕೊಟ್ಟಳು. ಊರೊಳಗೆ ಒಂದು ಹಳೇ ಪೆಟ್ರೋಲ್ ಬಂಕ್ ಇದೆ, ಅದರ ಚಾವಣಿ ಮೇಲೆ 1960ರ ಡಿಸೋಟೋ ಕಾರು ನಿಲ್ಲಿಸಿಬಿಟ್ಟಿದ್ದಾರೆ. ಮಗಳು ಕಿರುಚಿದಳು. ಅಪ್ಪ ಮಾತ್ರ ಸುಮ್ಮನೆ ತಲೆಯೆತ್ತಿ ನೋಡುತ್ತಾ ನಿಂತರು. "ನಮ್ಮ ಕುದುರೆ ಇದ್ದ ಹಾಗೆ. ದೂರದಿಂದ ಕಾಣ್ಬೇಕಲ್ಲ" ಅಂದರು. ಅಂಗಡಿ ಬಿಟ್ಟು ವರ್ಷ ಕಳೆದ ಮೇಲೆ ಅವರ ಬಾಯಲ್ಲಿ ವ್ಯಾಪಾರದ ಮಾತು ಕೇಳಿದ್ದು ಅದೇ ಮೊದಲು.

ಆಶ್ ಫೋರ್ಕ್‌ನಿಂದ ಒಂದಷ್ಟು ದೂರ ದೊಡ್ಡ ಹೈವೇ, ಇಂಟರ್‌ಸ್ಟೇಟ್ 40ರಲ್ಲೇ ಹೋಗಬೇಕು. 139ನೇ ಎಕ್ಸಿಟ್‌ನಲ್ಲಿ ಕ್ರೂಕ್ಟನ್ ರೋಡ್ ಅಂತ ಬರುತ್ತೆ, ಅಲ್ಲಿ ಇಳಿದರೆ ಹಳೇ ರೂಟ್ 66. ಇದನ್ನ ನಾನು ಹಿಂದಿನ ರಾತ್ರಿ ಓದಿ ಬಾಯಿಪಾಠ ಮಾಡಿಕೊಂಡಿದ್ದೆ. ಆದರೂ ಅಪ್ಪನಿಗೆ ರಸ್ತೆ ಕಥೆ ಹೇಳೋ ಹುರುಪಿನಲ್ಲಿ ಎಕ್ಸಿಟ್ ದಾಟಿಸಿಬಿಟ್ಟೆ. 1926ರ ನವೆಂಬರ್ 11ಕ್ಕೆ ಹುಟ್ಟಿದ ರಸ್ತೆ ಅಪ್ಪ, 2026ಕ್ಕೆ ನೂರು ತುಂಬುತ್ತೆ, ಶಿಕಾಗೋದಿಂದ ಕ್ಯಾಲಿಫೋರ್ನಿಯಾ ಸಮುದ್ರದ ತನಕ ಎಂಟು ರಾಜ್ಯ, ಹತ್ತಿರ ಹತ್ತಿರ ನಾಲ್ಕು ಸಾವಿರ ಕಿಲೋಮೀಟರ್, ಮೂವತ್ತರ ದಶಕದಲ್ಲಿ ಬರಗಾಲಕ್ಕೆ ಸಿಕ್ಕಿದ ರೈತರೆಲ್ಲ ಇದೇ ರಸ್ತೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದರು, ಅಂತ ಹೇಳುತ್ತಾ ಹೇಳುತ್ತಾ ಗಂಟೆಗೆ ಎಪ್ಪತ್ತೈದು ಮೈಲಿ ವೇಗದಲ್ಲಿ ಅದೇ ರಸ್ತೆಯ ಬೋರ್ಡನ್ನ ಹಿಂದೆ ಬಿಟ್ಟಿದ್ದೆ. ತಿರುಗಿಸಿಕೊಳ್ಳೋಕೆ ಜಾಗ ಸಿಗೋ ಹೊತ್ತಿಗೆ ಸೆಲಿಗ್ಮನ್ ಎಕ್ಸಿಟ್ಟೇ ಬಂತು.

"ನೋಡಿದ್ಯಾ" ಅಂದರು ಅಪ್ಪ. "ನೀನು ಹುಡುಕ್ಕೊಂಡು ಬಂದೋನು. ನೀನೇ ದಾಟಿಸ್ಬಿಟ್ಟೆ."

ಮ್ಯಾಪ್ ನಂಬಿ ಬಂದರೂ ಇದೇ ಗತಿ. ಅದಕ್ಕೆ ಬೇಗ ತಲುಪಿಸೋದು ಮಾತ್ರ ಗೊತ್ತು. ಹೈವೇ ಬೇಡ ಅಂತ ಮೊದಲೇ ಹೇಳಿಡಬೇಕು.

ರೂಮಿಗೆ ಸಾಮಾನು ಹಾಕಿ, ಸಂಜೆ ನಾಲ್ಕೂವರೆಗೆ ತಪ್ಪಿದ ರಸ್ತೆಯನ್ನ ಈ ತುದಿಯಿಂದ ಹಿಡಿದು ಮತ್ತೆ ಹೊರಟೆವು. ಹದಿನೇಳು ಮೈಲಿ ಹೋಗಿ ಹದಿನೇಳು ಮೈಲಿ ವಾಪಸ್. ಅಪ್ಪನಿಗೆ ಪೆಟ್ರೋಲ್ ದಂಡ ಅನ್ನಿಸಿತ್ತು, ಐದು ನಿಮಿಷಕ್ಕೇ ಸುಮ್ಮನಾದರು. ಎರಡೇ ಲೇನಿನ ರಸ್ತೆ. ಎಡಕ್ಕೂ ಬಲಕ್ಕೂ ಹುಲ್ಲು, ಆಚೆ ನೀಲಿ ಗುಡ್ಡ. ರಸ್ತೆ ನೆಲದ ಜೊತೆಗೇ ಏರುತ್ತೆ, ನೆಲದ ಜೊತೆಗೇ ಇಳಿಯುತ್ತೆ, ಗುಡ್ಡ ಕಡಿದು ನೇರ ಮಾಡಿಲ್ಲ. ಮುಕ್ಕಾಲು ಗಂಟೆಯಲ್ಲಿ ನಮಗೆ ಸಿಕ್ಕಿದ್ದು ಮೂರು ಬೈಕು, ಒಂದು ಪಿಕಪ್ ಟ್ರಕ್ಕು. ನಾಲ್ವರೂ ನಮಗೆ ಕೈ ಎತ್ತಿದರು. ಕೊನೆಯವನಿಗೆ ಅಪ್ಪನೂ ಕೈ ಎತ್ತಿದರು.

ಊಟದ್ದೇ ಕಷ್ಟ. ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಈ ಕಡೆಯ ಹೋಟೆಲುಗಳಲ್ಲಿ ಹುರಿದ ಬೀನ್ಸ್ ಹಾಕಿದ ಬುರಿಟೋ ಸಿಗುತ್ತೆ, ಸಸ್ಯಾಹಾರಿ ಅಂತ ಕಾಣುತ್ತೆ ಕೂಡ, ಆದರೆ ಕೆಲವು ಕಡೆ ಆ ಬೀನ್ಸಿಗೆ ಹಂದಿ ಕೊಬ್ಬು ಹಾಕುತ್ತಾರೆ. ಕೇಳಿಯೇ ತಿನ್ನಬೇಕು. ನಾನು ಕೇಳಿದೆ, ಆ ಹುಡುಗಿ ಒಳಗೆ ಹೋಗಿ ಬಂದು "ಗೊತ್ತಿಲ್ಲ" ಅಂದಳು. ಮುಗೀತು. ಅಮ್ಮ ಎದ್ದು ನಿಂತಳು. ರೂಮಿಗೆ ಬಂದು ಅವಲಕ್ಕಿಗೆ ಬಿಸಿನೀರು ಕಾಯಿಸೋಣ ಅಂತ ಕೆಟಲ್ ಹಾಕಿದೆ. ಹೀಟರ್ ಮೊದಲೇ ಓಡುತ್ತಿತ್ತು. ಟಪ್ ಅಂತ ಸದ್ದಾಗಿ ಇಡೀ ರೂಮು ಕತ್ತಲು.

ಟಾರ್ಚ್ ಹಿಡಿದು ಬಂದವರು ಮೋಟೆಲ್ ನೋಡಿಕೊಳ್ಳೋ ಗುಜರಾತಿ ಹೆಂಗಸು. ಅಮೆರಿಕದ ರಸ್ತೆ ಬದಿಯ ಮೋಟೆಲುಗಳಲ್ಲಿ ಗುಜರಾತಿಗಳನ್ನ ಕಂಡರೆ ಆಶ್ಚರ್ಯ ಪಡೋ ಕಾಲ ಹೋಯಿತು, ಆದರೂ ಆ ಕತ್ತಲಲ್ಲಿ, ಆ ಚಳಿಯಲ್ಲಿ, ಬಾಗಿಲಲ್ಲಿ ಬಿಂದಿ ಇಟ್ಟ ಮುಖ ಕಂಡಿದ್ದಕ್ಕೆ ಅಮ್ಮನಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಆಕೆ ಫ್ಯೂಸ್ ಸರಿ ಮಾಡಿದರು, ನನಗೆ ಸ್ವಲ್ಪ ಬೈದರು, ಅವಲಕ್ಕಿ ಪೊಟ್ಟಣ ನೋಡಿ "ಪೋಹಾ?" ಅಂದರು. ಅರ್ಧ ಗಂಟೆಗೆ ಶುಂಠಿ ಚಾ ಬಂತು. ಅಮ್ಮನ ಹಿಂದಿ ಅಂದರೆ ಕನ್ನಡಕ್ಕೆ "ಹೈ" ಸೇರಿಸೋದು. "ಚಾ ತುಂಬಾ ಚೆನ್ನಾಗಿ ಹೈ." ಆಕೆಗೆ ಅರ್ಥವಾಯಿತು. ಚಕ್ಕುಲಿ ಡಬ್ಬ ಆಚೆ ಹೋಯಿತು, ಬದಲಿಗೆ ಖಾಕ್ರಾ ಒಳಗೆ ಬಂತು.

ರಾತ್ರಿಯೆಲ್ಲ ಗೂಡ್ಸ್ ರೈಲು. ಊರಿನ ಪಕ್ಕದಲ್ಲೇ ದೊಡ್ಡ ಲೈನು. ಕಂಟೇನರ್ ಹೊತ್ತ ರೈಲುಗಳು ಮುಗಿಯೋದೇ ಇಲ್ಲ. ಅಪ್ಪ ಹಾಸಿಗೆಯಲ್ಲಿ ಮಲಗಿಯೇ ಸದ್ದಿನ ಮೇಲೆ ಡಬ್ಬಿ ಎಣಿಸುತ್ತಿದ್ದರು. ನೂರು ದಾಟಿದ ಮೇಲೆ ನಿದ್ದೆ ಹೋದರು ಅನ್ನಿಸುತ್ತೆ. ಸದ್ದಿಗೆ ನಿದ್ದೆ ಕೆಡೋರು ಕಿವಿಗೆ ಹತ್ತಿ ತನ್ನಿ.

ಎರಡನೇ ದಿನ

ಬೆಳಿಗ್ಗೆ ಆರೂವರೆಗೆ ಎದ್ದರೆ ಅಪ್ಪನ ಹಾಸಿಗೆ ಖಾಲಿ. ಹೊರಗೆ ಮೂರು ಡಿಗ್ರಿ. ಓಡಿದೆ. ಇಡೀ ಊರೇ ಒಂದು ಉದ್ದ ಬೀದಿ, ಹುಡುಕೋದು ಕಷ್ಟವಲ್ಲ. ಮಂಕಿ ಕ್ಯಾಪು, ಸ್ವೆಟರು, ಅದರ ಮೇಲೆ ನನ್ನ ಜಾಕೆಟ್ಟು ಹಾಕಿಕೊಂಡು ಮುಚ್ಚಿದ ಅಂಗಡಿಯೊಂದರ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಇನ್ನೂ ಯಾರೋ ಕೂತಿದ್ದಾರೆ, ಹೊಸ ಸ್ನೇಹಿತ ಸಿಕ್ಕಿರಬೇಕು ಅಂತ ಹತ್ತಿರ ಹೋದರೆ ಅದು ಬಟ್ಟೆ ಅಂಗಡಿಯ ಬೊಂಬೆ. ಇಲ್ಲಿ ಇವೇ ಜಾಸ್ತಿ. ರಸ್ಟಿ ಬೋಲ್ಟ್ ಅನ್ನೋ ಅಂಗಡಿಯವರಂತೂ ಹಳೇ ಕಾಲದ ಬಟ್ಟೆ ಹಾಕಿಸಿ ಅಂಥ ಬೊಂಬೆಗಳ ಒಂದು ದಂಡನ್ನೇ ಕಟ್ಟಡದ ಮೇಲೂ ಕೆಳಗೂ ನಿಲ್ಲಿಸಿದ್ದಾರೆ.

"ಒಂಬತ್ತು ಗಂಟೆಯಾದ್ರೂ ತೆಗೆಯಲ್ಲ ಇವರು" ಅಂತ ಅಪ್ಪ ದೂರು ಹೇಳಿದರು. "ನಾನು ಏಳಕ್ಕೆ ನೀರು ಹಾಕಿ ಗುಡಿಸಿರ್ತಿದ್ದೆ." ಇನ್ನೂ ಆರೂಮುಕ್ಕಾಲಷ್ಟೇ ಅಂತ ನಾನು ಹೇಳಲಿಲ್ಲ.

ಅಂಗಡಿಗಳು ತೆರೆದ ಮೇಲೆ ಅಪ್ಪನದು ಬೇರೆಯದೇ ಪ್ರವಾಸ. ನಾವು ಮುಂಭಾಗ ನೋಡಿದರೆ ಅವರು ಸಾಮಾನಿನ ತಳ ನೋಡುತ್ತಿದ್ದರು. ಫ್ರಿಜ್ ಮ್ಯಾಗ್ನೆಟ್ ತೆಗೆದು ತಿರುಗಿಸೋದು, ಕಪ್ಪು ತೆಗೆದು ತಿರುಗಿಸೋದು, ತಗಡಿನ ಬೋರ್ಡು ತಿರುಗಿಸೋದು. "ಚೈನಾ." ಇನ್ನೊಂದು. "ಚೈನಾ." ಮಗಳಿಗೆ ಇದು ಆಟವಾಯಿತು, ಅವಳೂ ಒಂದೊಂದೇ ತಿರುಗಿಸಿ "ತಾತಾ, ಇದೂ!" ಅಂತ ಕೂಗತೊಡಗಿದಳು. ನಾನು ಇಬ್ಬರನ್ನೂ ಎಳೆದುಕೊಂಡು ಹೊರಗೆ ಬಂದೆ. ಹಾಲೆ ಮರ ಒಣಗಿಸಿ, ಲೇತಿನಲ್ಲಿ ತಿರುಗಿಸಿ, ಅರಗಿನ ಬಣ್ಣ ಕೂರಿಸಿ ಮಾಡಿದ ಗೊಂಬೆಯ ಪಕ್ಕದಲ್ಲೇ ಮೂರನೇ ಒಂದು ಬೆಲೆಗೆ ಪ್ಲಾಸ್ಟಿಕ್ ಕಾರು ಬಂದು ಕೂತಾಗಿನ ಸಿಟ್ಟು ಅದು. ರಸ್ತೆ ಹೋಗೋಕೆ ಮೊದಲಿನ ಸಿಟ್ಟು.

ನಾನು ತೋರಿಸಬೇಕು ಅಂದುಕೊಂಡಿದ್ದು ಏಂಜೆಲ್ ಡೆಲ್ಗಾಡಿಯೋ ಅವರ ಅಂಗಡಿ. 1927ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು, ಕ್ಷೌರದ ಕೆಲಸ ಮಾಡಿಕೊಂಡಿದ್ದವರು. ಈಗ ಮುಂದೆಲ್ಲ ಗಿಫ್ಟ್ ಶಾಪು, ಒಳಗೆ ಹಳೇ ಕ್ಷೌರದ ಕುರ್ಚಿ ಹಾಗೇ ಇದೆ. ಗೋಡೆ ತುಂಬ ಎಲ್ಲೆಲ್ಲಿಂದಲೋ ಬಂದವರು ಅಂಟಿಸಿದ ವಿಸಿಟಿಂಗ್ ಕಾರ್ಡು. ಅಪ್ಪ ಆ ಕುರ್ಚಿಯ ಕಬ್ಬಿಣದ ಕಾಲು ಮುಟ್ಟಿ ನೋಡಿದರು, ಅದಕ್ಕೆ ತಳ ತಿರುಗಿಸೋ ಪರೀಕ್ಷೆ ಬೇಕಾಗಲಿಲ್ಲ.

ಅಲ್ಲೇ ನಿಂತು ಕಥೆ ಹೇಳಿದೆ. 1978ರ ಸೆಪ್ಟೆಂಬರ್ 22ರಂದು ಹೊಸ ಹೈವೇ ತೆರೆಯಿತು. ಅವತ್ತಿನ ತನಕ ದಿನಕ್ಕೆ ಒಂಬತ್ತು ಸಾವಿರ ವಾಹನ ಈ ಬೀದಿಯಲ್ಲಿ ಹೋಗುತ್ತಿದ್ದವು ಅಂತ ಏಂಜೆಲ್ ಹೇಳುತ್ತಿದ್ದರಂತೆ. ಮಾರನೇ ದಿನ ಬೀದಿ ಖಾಲಿ. ಬಂಕು, ಹೋಟೆಲು ಒಂದೊಂದೇ ಮುಚ್ಚಿದವು. 1985ರಲ್ಲಿ ಇನ್ನೂ ಎರಡು ಪೆಟ್ಟು. ರೈಲಿನವರು ಇಲ್ಲಿ ಸಿಬ್ಬಂದಿ ಬದಲಿಸೋದು ನಿಲ್ಲಿಸಿದರು, ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಸ್ಥೆ ಜೂನ್ 27ಕ್ಕೆ ರೂಟ್ 66 ಅನ್ನೋ ಹೆಸರನ್ನೇ ಹೆದ್ದಾರಿ ಪಟ್ಟಿಯಿಂದ ತೆಗೆದುಹಾಕಿತು. ನಕ್ಷೆಯಲ್ಲೇ ಇಲ್ಲದ ರಸ್ತೆಗೆ ಯಾರು ಬರುತ್ತಾರೆ?

1987ರ ಫೆಬ್ರವರಿಯಲ್ಲಿ ಏಂಜೆಲ್, ಅವರ ಅಣ್ಣ ಹುವಾನ್ ಮತ್ತೆ ಹತ್ತು–ಹದಿನೈದು ಜನ ಇದೇ ಊರಿನ ಕಾಪರ್ ಕಾರ್ಟ್ ಅನ್ನೋ ಹೋಟೆಲಿನಲ್ಲಿ ಸೇರಿ ಒಂದು ಸಂಘ ಕಟ್ಟಿದರು. ಅವರ ಬೇಡಿಕೆ ತುಂಬಾ ಸಣ್ಣದು. ಹೊಸ ಹೈವೇ ಮುಚ್ಚಿ ಅನ್ನಲಿಲ್ಲ, ಹಣ ಕೊಡಿ ಅಂತಲೂ ಅಲ್ಲ. ಈ ರಸ್ತೆಗೆ "ಐತಿಹಾಸಿಕ ರೂಟ್ 66" ಅಂತ ಹೆಸರು ಕೊಡಿ, ಬೋರ್ಡ್ ಹಾಕಿ. ಆ ವರ್ಷವೇ ಅರಿಜೋನಾ ರಾಜ್ಯ ಒಪ್ಪಿತು. ಮಾರನೇ ವರ್ಷ ಹಳೇ ಕಾರುಗಳ ಮೆರವಣಿಗೆ ಶುರು ಮಾಡಿದರು, ಈಗಲೂ ಪ್ರತಿ ವರ್ಷ ಮೇ ತಿಂಗಳ ಶುರುವಿನಲ್ಲಿ ನಡೆಯುತ್ತೆ. ಇದನ್ನ ನೋಡಿ ಬೇರೆ ರಾಜ್ಯಗಳಲ್ಲೂ ಸಂಘ ಹುಟ್ಟಿದವು.

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "ಎಪ್ಪತ್ತೆಂಟರಿಂದ ಎಂಬತ್ತೇಳು. ಒಂಬತ್ತು ವರ್ಷ. ಬಾಡಿಗೆ ಯಾರು ಕಟ್ಟಿದ್ರು?"

ನನಗೆ ಉತ್ತರ ಗೊತ್ತಿರಲಿಲ್ಲ. ಗಲ್ಲಾದಲ್ಲಿದ್ದ ಹೆಂಗಸನ್ನ ಕೇಳು ಅಂದರು. ಕೇಳಿದೆ. ಆಕೆ ನಕ್ಕು, "ಹೋಗೋಕೆ ದುಡ್ಡಿದ್ದವರು ಹೋದರು, ಇಲ್ಲದವರು ಉಳಿದರು" ಅನ್ನೋ ಅರ್ಥದಲ್ಲಿ ಏನೋ ಅಂದರು. ಕನ್ನಡದಲ್ಲಿ ಹೇಳಿದೆ. ಅಪ್ಪ ತಲೆಯಾಡಿಸಿದರು. ಇಡೀ ಪ್ರವಾಸದಲ್ಲಿ ಅವರು ತಕರಾರಿಲ್ಲದೆ ಒಪ್ಪಿದ ಮಾತು ಬಹುಶಃ ಅದೊಂದೇ.

ಹನ್ನೊಂದಕ್ಕೆ ಟೂರ್ ಬಸ್ಸುಗಳು ಬಂದವು. ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗೋ ಬಸ್ಸುಗಳು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತವೆ. ಖಾಲಿ ಬೀದಿಯಲ್ಲಿ ಇದ್ದಕ್ಕಿದ್ದಂತೆ ನೂರು ಜನ, ಹತ್ತು ಭಾಷೆ, ಎಲ್ಲರಿಗೂ ಅದೇ ಹಳೇ ಕಾರಿನ ಮುಂದೆ ಅದೇ ಫೋಟೋ. ನಿಮಗೆ ನೆಮ್ಮದಿಯಾಗಿ ನೋಡಬೇಕಿದ್ದರೆ ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಸುತ್ತಿ. ಅಪ್ಪನಿಗೆ ಮಾತ್ರ ಇದೇ ಹಬ್ಬ. ಬೆಂಚಿನಲ್ಲಿ ಕೂತು ವರದಿ ಕೊಡುತ್ತಿದ್ದರು. ಬಸ್ಸು ಯಾವ ಅಂಗಡಿ ಮುಂದೆ ನಿಂತಿತು, ಇಳಿದವರು ಮೊದಲು ಎಲ್ಲಿಗೆ ಹೋದರು (ಟಾಯ್ಲೆಟ್ಟಿಗೆ, ಅಪ್ಪ ಮೊದಲೇ ಹೇಳಿದ್ದರು), ಎಷ್ಟು ಜನ ಕೈಯಲ್ಲಿ ಚೀಲ ಹಿಡಿದು ವಾಪಸ್ ಬಂದರು. "ಡ್ರೈವರ್‌ಗೆ ಏನಾದ್ರೂ ಕೊಡ್ತಾರಾ, ಕೇಳು." ಅಪ್ಪ, ಅದನ್ನೆಲ್ಲ ಕೇಳೋಕಾಗಲ್ಲ ಅಂದೆ. "ನಮ್ಮಲ್ಲಿ ಕಾಫಿ, ತಿಂಡಿ ಹೋಟೆಲಿನವರೇ ಕೊಡ್ತಿದ್ರು. ಡ್ರೈವರ್ ಹೊಟ್ಟೆ ತಣ್ಣಗಿದ್ರೆ ಬಸ್ಸು ನಿಲ್ಲುತ್ತೆ." ಆಮೇಲೆ ನೋಡಿದರೆ ಡ್ರೈವರ್ ಒಬ್ಬ ದೊಡ್ಡ ಗ್ಲಾಸಿನಲ್ಲಿ ಕಾಫಿ ಹಿಡಿದು ಹೋಗುತ್ತಿದ್ದ. ದುಡ್ಡು ಕೊಟ್ಟನೋ ಇಲ್ಲವೋ ದೇವರಿಗೇ ಗೊತ್ತು. ಅಪ್ಪ ನನ್ನ ಕಡೆ ನೋಡಿದ ನೋಟ ಮಾತ್ರ ಮರೆಯೋ ಹಾಗಿಲ್ಲ.

ಮಧ್ಯಾಹ್ನ ಸ್ನೋ ಕ್ಯಾಪ್. ಏಂಜೆಲ್ ಅವರ ಅಣ್ಣ ಹುವಾನ್ 1953ರಲ್ಲಿ ರೈಲ್ವೆಯವರ ಹಳೇ ಮರಮುಟ್ಟು ತಂದು ಕಟ್ಟಿದ ಪುಟ್ಟ ತಿಂಡಿ ಅಂಗಡಿ. ಹುವಾನ್ 2004ರಲ್ಲಿ ತೀರಿಕೊಂಡರು, ಮನೆಯವರು ನಡೆಸಿಕೊಂಡು ಬಂದಿದ್ದಾರೆ, ಅವರ ಕೀಟಲೆಗಳ ಸಮೇತ. ಬಾಗಿಲಿಗೆ ಹೋಗುತ್ತಿದ್ದಂತೆ "ಕ್ಷಮಿಸಿ, ತೆರೆದಿದೆ" ಅನ್ನೋ ಬೋರ್ಡು. ಬಾಗಿಲಿಗೆ ಎರಡು ಹಿಡಿ, ಒಂದು ಎಡಕ್ಕೆ, ಒಂದು ಬಲಕ್ಕೆ. ಅಮ್ಮ ಒಂದನ್ನ ಹಿಡಿದು ಎಳೆದಳು, ಬರಲಿಲ್ಲ. ತಳ್ಳಿದಳು, ಆಗಲಿಲ್ಲ. ಒಳಗಿನವರು ನೋಡಿ ನಗುತ್ತಿದ್ದಾರೆ. ಅಮ್ಮನಿಗೆ ಅವಮಾನ ಆಗೋಕೆ ಶುರುವಾಗೋ ಹೊತ್ತಿಗೆ ಮಗಳು ಇನ್ನೊಂದನ್ನ ಹಿಡಿದಳು, ಬಾಗಿಲು ತೆಗೆಯಿತು. ಒಳಗೆ ಮೆನುವಿನಲ್ಲಿ "ಸತ್ತ ಕೋಳಿ" ಅಂತ ಬರೆದಿದೆ. "ಬದುಕಿರೋ ಕೋಳಿ ಯಾರು ತಿಂತಾರೆ, ಪಾಪ ನಿಜ ಬರ್ದಿದಾರೆ" ಅಂದಳು ಅಮ್ಮ.

ಆಲೂ ಫ್ರೈಸ್, ಮಿಲ್ಕ್ ಶೇಕ್ ಹೇಳಿದೆವು. ಕೌಂಟರಿನ ಹುಡುಗ ಹಳದಿ ಬಾಟಲಿ ತೋರಿಸಿ ಅಪ್ಪನಿಗೆ "ಸಾಸಿವೆ ಸಾಸ್ ಬೇಕಾ?" ಅಂದ. ಅಪ್ಪ ಹೂಂ ಅಂದರು. ಅವನು ಬಾಟಲಿಯನ್ನ ಅಪ್ಪನ ಎದೆಗೇ ಗುರಿಯಿಟ್ಟು ಒತ್ತಿದ. ಹಳದಿ ಸಾಸು ಚಿಮ್ಮಿತು. ಅಪ್ಪ ಅರವತ್ತೆಂಟು ವರ್ಷದ ಮಂಡಿ ನೋವು ಮರೆತು ಒಂದು ಮಾರು ಹಿಂದಕ್ಕೆ ಹಾರಿದರು. ಸಾಸಲ್ಲ, ಹಳದಿ ದಾರ. ಇಡೀ ಸಾಲು ನಕ್ಕಿತು. ನನಗೆ ಭಯ, ಅಪ್ಪನಿಗೆ ಕೋಪ ಬೇಗ. ಅವರು ಎದೆ ಮುಟ್ಟಿ ನೋಡಿಕೊಂಡರು, ದಾರ ನೋಡಿದರು, ಕೈ ಚಾಚಿ ಬಾಟಲಿ ಕೇಳಿದರು. ಹುಡುಗ ಕೊಟ್ಟ. ಹಿಂದೆ ಎಂಟು ಜನ ಕಾಯುತ್ತಿದ್ದಾರೆ, ಅಪ್ಪ ನಿಧಾನವಾಗಿ ಒತ್ತುತ್ತಾರೆ, ದಾರ ಬರುತ್ತೆ, ಬಿಡುತ್ತಾರೆ, ಮೂತಿಯನ್ನ ಕಣ್ಣಿಗೆ ಹಿಡಿದು ಒಳಗೆ ನೋಡುತ್ತಾರೆ. "ದಾರದ ತುದಿಗೆ ಗಂಟು ಹಾಕಿದಾನೆ. ಗಾಳಿಗೆ ಹೊರಗೆ ಬರುತ್ತೆ. ಎಷ್ಟು ಸುಲಭ ನೋಡು! ಇದನ್ನ ನಮ್ಮೋರು ಮರದಲ್ಲೇ ಮಾಡ್ಬೋದು ಕಣೋ."

ಅಲ್ಲಿ ರೂಟ್ ಬಿಯರ್ ಅನ್ನೋದನ್ನೂ ಕುಡಿಸಿದೆ. ಬಿಯರ್ ಅಲ್ಲ, ಸೋಡಾ ಅಂತ ಎಷ್ಟು ಹೇಳಿದರೂ ಅಮ್ಮ ನಂಬಲಿಲ್ಲ, ಗ್ಲಾಸನ್ನ ಮೂಗಿನ ಹತ್ತಿರ ತಂದು "ಅಮೃತಾಂಜನ" ಅಂತ ವಾಪಸ್ ಕೊಟ್ಟಳು. ಮೂಗು ಸುಳ್ಳು ಹೇಳಿಲ್ಲ, ರುಚಿಯೂ ಹೆಚ್ಚು ಕಮ್ಮಿ ಹಾಗೇ.

ರಾತ್ರಿ ಗುಜರಾತಿ ಆಂಟಿ ಖಿಚಡಿ ಕಳಿಸಿದರು. ಅದನ್ನ ತಿಂದು ಅಪ್ಪ ತುಂಬ ಹೊತ್ತು ಸುಮ್ಮನಿದ್ದು, "ಇವರು ನೆನಪು ಮಾರ್ತಾರೆ. ನಾನು ಸಾಮಾನು ಮಾರ್ತಿದ್ದೆ. ಎರಡೂ ಒಂದೇ ಅಲ್ಲ" ಅಂದರು. ಸ್ವಲ್ಪ ಬಿಟ್ಟು, "ಆದ್ರೆ ಆ ಬಾಟ್ಲಿ ಚೆನ್ನಾಗಿದೆ."

ಮೂರನೇ ದಿನ

ಹೊರಡೋಕೆ ಮುಂಚೆ ಅಪ್ಪ ಒಂದು ಅಂಗಡಿ ಬಾಗಿಲು ತೆಗೆಯೋದನ್ನೇ ಕಾದು ನಿಂತರು. ಹಿಂದಿನ ದಿನ ಒಳಗೆ ಹೋಗಿ ಏನೂ ಕೊಳ್ಳದೆ ಬಂದಿದ್ದ ಅಂಗಡಿ. ಬೀದಿಯ ತುದಿಯಲ್ಲಿದೆ, ಬಸ್ಸು ಅಲ್ಲಿ ತನಕ ಬರಲ್ಲ, ವಯಸ್ಸಾದ ಹೆಂಗಸೊಬ್ಬರೇ ನೋಡಿಕೊಳ್ಳುತ್ತಾರೆ. "ನಿನ್ನೆ ನೂರು ಜನ ಬಂದ್ರು. ಅಲ್ಲಿಗೆ ನಾಲ್ಕು ಜನವೂ ಹೋಗ್ಲಿಲ್ಲ" ಅಂದರು ಅಪ್ಪ. ಬೆಳಿಗ್ಗೆ ಮೊದಲ ಗಿರಾಕಿ ಖಾಲಿ ಕೈಯಲ್ಲಿ ಹೋಗಬಾರದು ಅನ್ನೋದು ನಮ್ಮ ಮನೆಯಲ್ಲಿ ಧರ್ಮವಿದ್ದ ಹಾಗೆ. ಒಳಗೆ ಹೋಗಿ, ಏನನ್ನೂ ತಿರುಗಿಸಿ ನೋಡದೆ, ರೂಟ್ 66ರ ಚಿಹ್ನೆ ಇರೋ ಒಂದು ಕೀ ಚೈನು ತೆಗೆದುಕೊಂಡರು. ಐದು ಡಾಲರ್. ಚೌಕಾಸಿ ಇಲ್ಲ. ನೋಟನ್ನ ಬಲಗೈಯಲ್ಲಿ ಕೊಟ್ಟರು.

ಆಮೇಲೆ ಜೇಬಿನಿಂದ ಒಂದು ಬುಗುರಿ ತೆಗೆದರು. ಕೆಂಪು, ಹಳದಿ ಗೆರೆಯದು, ಕೈಯಲ್ಲೇ ತಿರುಗಿಸೋ ಸಣ್ಣ ಬುಗುರಿ. ಊರಿಂದ ತಂದದ್ದು ನನಗೇ ಗೊತ್ತಿರಲಿಲ್ಲ. ಗಾಜಿನ ಕೌಂಟರ್ ಮೇಲೆ ತಿರುಗಿಸಿ ಬಿಟ್ಟರು. ಆ ಹೆಂಗಸು ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದರು. ನಿಲ್ಲೋ ತನಕ ಇಬ್ಬರೂ ಮಾತಾಡಲಿಲ್ಲ. ಬುಗುರಿ ನಿಂತ ಮೇಲೆ ಆಕೆ ಅದನ್ನ ಎತ್ತಿ ತಳ ತಿರುಗಿಸಿ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ. ಅಪ್ಪ ತಮ್ಮ ಎದೆ ಮುಟ್ಟಿಕೊಂಡು "ಚನ್ನಪಟ್ಟಣ" ಅಂದರು. ಆಕೆಗೆ ಹೇಳೋಕೆ ಬರಲಿಲ್ಲ, ಮೂರು ಸಲ ಹೇಳಿಸಿದರು.

ಸೆಲಿಗ್ಮನ್‌ನಿಂದ ಕಿಂಗ್‌ಮನ್‌ಗೆ ಹಳೇ ರಸ್ತೆಯಲ್ಲಿ 87 ಮೈಲಿ. ಹೊಸ ಹೈವೇ ಇದಕ್ಕಿಂತ ಹತ್ತಿರ, ಬೇಗ. ಪೆಟ್ರೋಲ್ ಸೆಲಿಗ್ಮನ್‌ನಲ್ಲೇ ತುಂಬಿಸಿಕೊಳ್ಳಿ, ದಾರಿಯಲ್ಲಿ ಫೋನ್ ಸಿಗ್ನಲ್ಲೂ ಬಂದು ಹೋಗಿ ಮಾಡುತ್ತೆ. ಊರು ದಾಟುತ್ತಿದ್ದಂತೆ ರಸ್ತೆ ಪಕ್ಕ ಸಣ್ಣ ಕೆಂಪು ಬೋರ್ಡುಗಳು ಬರುತ್ತವೆ. ಒಂದೊಂದರಲ್ಲಿ ಮೂರು ನಾಲ್ಕು ಪದ ಮಾತ್ರ. ಒಂದಾದ ಮೇಲೆ ಒಂದು ಓದುತ್ತಾ ಹೋದರೆ ಪ್ರಾಸದ ಪದ್ಯ, ಕೊನೆಯ ಬೋರ್ಡಿನಲ್ಲಿ ಕಂಪನಿ ಹೆಸರು, ಬರ್ಮಾ ಶೇವ್. ಗಡ್ಡ ಮಾಡಿಕೊಳ್ಳೋ ಕ್ರೀಮಿನ ಜಾಹೀರಾತು, 1920ರ ದಶಕದಲ್ಲಿ ಶುರುವಾಗಿ 1963ರ ತನಕ ಅಮೆರಿಕದ ರಸ್ತೆಗಳಲ್ಲೆಲ್ಲ ಇತ್ತು. ಇಲ್ಲಿ ಈಗ ಇರೋದು ನೆನಪಿಗೆ ಅಂತ ಹಾಕಿದ ನಕಲು. ಮಗಳು ಓದೋದು, ನಾನು ಕನ್ನಡ ಮಾಡೋದು, ಅಷ್ಟರಲ್ಲಿ ಮುಂದಿನ ಬೋರ್ಡು. ಜೋರಾಗಿ ಓಡಿಸಬೇಡ, ಕೈ ಕಿಟಕಿಯಾಚೆ ಹಾಕಬೇಡ, ಇಂಥವೇ ಜಾಸ್ತಿ. ಲಾರಿ ಹಿಂದೆ ಬರೆಸೋದನ್ನ ಇವರು ನೆಲದಲ್ಲಿ ನೆಟ್ಟಿದ್ದಾರೆ ಅಂದರು ಅಪ್ಪ. ಎಂಬತ್ತು ಕಿಲೋಮೀಟರ್ ಮೇಲೆ ಹೋದರೆ ಓದೋಕಾಗಲ್ಲ.

ಗ್ರ್ಯಾಂಡ್ ಕ್ಯಾನಿಯನ್ ಕ್ಯಾವರ್ನ್ಸ್ ಅನ್ನೋ ಗುಹೆ ದಾರಿಯಲ್ಲೇ ಇದೆ, ಲಿಫ್ಟಿನಲ್ಲಿ ಇನ್ನೂರು ಅಡಿ ಕೆಳಗೆ ಇಳಿಯೋದು. 2022ರಲ್ಲಿ ಲಿಫ್ಟ್ ಕೆಟ್ಟು ಐದು ಜನ ಒಂದು ದಿನಕ್ಕಿಂತ ಹೆಚ್ಚು ಒಳಗೇ ಸಿಕ್ಕಿಕೊಂಡಿದ್ದರು ಅಂತ ನಾನು ಬಾಯಿ ಬಿಟ್ಟು ತಪ್ಪು ಮಾಡಿದೆ. ಅಮ್ಮ ಕಾರು ನಿಲ್ಲಿಸೋಕೇ ಬಿಡಲಿಲ್ಲ. ಹೊರಗಿನ ಡೈನೋಸಾರ್ ಬೊಂಬೆಗೆ ಮಗಳು ಕಿಟಕಿಯಿಂದಲೇ ಟಾಟಾ ಮಾಡಿದಳು. ಪೀಚ್ ಸ್ಪ್ರಿಂಗ್ಸ್ ಹುವಾಲಪೈ ಬುಡಕಟ್ಟಿನವರ ಮುಖ್ಯ ಊರು. ಇಲ್ಲಿಂದ ಒಂದು ಮಣ್ಣಿನ ರಸ್ತೆ ಕೆಳಗೆ ಕೊಲರಾಡೋ ನದಿಯ ತನಕ ಇಳಿಯುತ್ತೆ, ಆದರೆ ಅದು ಅವರ ನೆಲ, ಅವರ ಅನುಮತಿ ಚೀಟಿ ತೆಗೆದುಕೊಂಡೇ ಹೋಗಬೇಕು. ನಮ್ಮ ಕಾರು ಆ ರಸ್ತೆಗೆ ತಕ್ಕದ್ದಲ್ಲ, ಬಿಟ್ಟೆವು.

ಹ್ಯಾಕ್‌ಬೆರಿಯಲ್ಲಿ ಒಂದೇ ಒಂದು ಅಂಗಡಿ, ಮುಂದೆ 1957ರ ಕೆಂಪು ಕಾರ್ವೆಟ್ ಕಾರು, ತುಕ್ಕು ಹಿಡಿದ ಪಂಪುಗಳು. ಪಂಪು ಫೋಟೋಗಷ್ಟೇ, ಪೆಟ್ರೋಲ್ ಬರಲ್ಲ. ಅಲ್ಲಿ ಗಾಳಿ ಎಷ್ಟು ಜೋರಿತ್ತು ಅಂದರೆ ಅಪ್ಪನ ಟೋಪಿ ಹಾರಿ ರಸ್ತೆಯಾಚೆ ಮುಳ್ಳುತಂತಿಗೆ ಸಿಕ್ಕಿಕೊಂಡಿತು. ಎರಡೂ ಕಡೆ ನೋಡಿಕೊಂಡು ದಾಟಬೇಕು ಅಂತ ನಾನು ಕೂಗುತ್ತಿದ್ದರೆ, ಅಪ್ಪ ಆರಾಮಾಗಿ ಹೆದ್ದಾರಿ ಮಧ್ಯದಲ್ಲೇ ನಡೆದು ಹೋದರು. ನಡುವೆ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಒಂದೂ ಗಾಡಿ ಇರಲಿಲ್ಲ.

ಕಿಂಗ್‌ಮನ್‌ನಲ್ಲಿ ಹೊಟ್ಟೆಗೆ ಹಾಕಿಕೊಂಡು ಹೈವೇ 93 ಹಿಡಿದು ಮನೆ ಕಡೆ ತಿರುಗಿದೆವು. ದಾರಿಯಲ್ಲಿ ಜೋಶುವಾ ಮರಗಳು. ಲೇತಿಗೆ ಆಗುತ್ತಾ ಅಂತ ಅಪ್ಪ ಇಳಿದು ತಟ್ಟಿ ನೋಡಿದರು. ಬರೀ ನಾರು, ಆಗಲ್ಲ.

ಮನೆ ಸೇರಿದಾಗ ರಾತ್ರಿ ಒಂಬತ್ತು. ಅಂದರೆ ಊರಲ್ಲಿ ಬೆಳಿಗ್ಗೆ ಒಂಬತ್ತೂವರೆ. ಬ್ಯಾಗು ಇಳಿಸೋಕೆ ಮುಂಚೆಯೇ ಅಪ್ಪ ಯಾರಿಗೋ ಫೋನ್ ಹಚ್ಚಿದ್ದರು. ಚನ್ನಪಟ್ಟಣದಲ್ಲಿ ಅವರ ಅಂಗಡಿ ಪಕ್ಕದವರು, ಅವರದು ಇನ್ನೂ ನಡೆಯುತ್ತಿದೆ.

"ಏನಯ್ಯಾ, ಬೋಣಿ ಆಯ್ತಾ?" ಅಂತ ಕೇಳಿದರು. ಆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ. ಅಪ್ಪ ಸೋಫಾದಲ್ಲಿ ಕಾಲು ಮಡಚಿ ಕೂತು, ಕೀ ಚೈನನ್ನ ಬೆರಳಲ್ಲಿ ತಿರುಗಿಸುತ್ತಾ, "ಆಗುತ್ತೆ ಬಿಡು. ಇಲ್ಲಿ ಕೇಳು, ನಿನ್ನೆ ಒಂದು ಅಂಗಡಿಗೆ ಹೋಗಿದ್ದೆ. ಅದರ ಬಾಗಿಲಿಗೆ ಎರಡು ಹಿಡಿ ಕಣಯ್ಯಾ..." ಅಂತ ಶುರು ಮಾಡಿದರು.